ಹುರುಳಿ ಒಂದನ್ನು ಬಿಟ್ಟು

ಅಲ್ ನಹ್ದಾ, ದುಬೈ
18 ಸೆಪ್ಟೆಂಬರ್ 2024

ಪ್ರೀತಿಯ ಮಗಳು ಯಶ್ಮಿತಾಳಿಗೆ,

ನೀನು ಫೋನ್ ತೆಗೆಯುವುದಿಲ್ಲ. ವಾಟ್ಸ್ಯಾಪ್‌ನಲ್ಲಿ ಎರಡು ನೀಲಿ ಗೆರೆ ಬೀಳುತ್ತವೆ, ಅಷ್ಟೇ. ನಿನ್ನ ಅಮ್ಮ ಹೋದ ಮೇಲೆ ಹದಿನಾರು ತಿಂಗಳು ಆ ಗೆರೆಗಳನ್ನೇ ನೋಡಿ ಸಾಕಾಯಿತು. ಕಾಗದದಲ್ಲಿ ನೀಲಿ ಗೆರೆ ಇಲ್ಲ. ನೀನು ಓದಿದೆಯೋ, ಕಸದ ಬುಟ್ಟಿಗೆ ಹಾಕಿದೆಯೋ ನನಗೆ ತಿಳಿಯುವುದಿಲ್ಲ. ಹಾಗಾಗಿ ಓದಿದ್ದೀ ಎಂದೇ ಇಟ್ಟುಕೊಳ್ಳಬಹುದು.

ಮೊನ್ನೆ ರಿತೇಶ್ ಫೋನ್ ಮಾಡಿದ್ದ. "ಮಾವ, ನಾನು ಹೇಳಿದೆ ಅಂತ ಅವಳಿಗೆ ಹೇಳ್ಬೇಡಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದ. ಅವನ ಹೆಸರು ಎತ್ತದೆ ಈ ಕಾಗದ ಬರೆಯುವುದು ಹೇಗೆಂದು ಎರಡು ದಿನ ಯೋಚಿಸಿದೆ, ಆಗಲಿಲ್ಲ. ಅವನಿಗೆ ಬೈಯಬೇಡ.

ನಿನಗೆ ಮೂರು ತಿಂಗಳಂತೆ. ಏಪ್ರಿಲ್ ಮೊದಲ ವಾರಕ್ಕಂತೆ. ಹೋದ ವರ್ಷದ್ದು ನಿಲ್ಲಲಿಲ್ಲ ಎಂಬುದನ್ನೂ ಅವನ ಬಾಯಿಂದಲೇ ಕೇಳಿದೆ, ಈಗ. ಇರಲಿ. ನಿನ್ನ ರಕ್ತದಲ್ಲಿ ಪ್ರೋಟೀನ್ ಕಡಿಮೆ ಉಂಟು, ದಿನಕ್ಕೆ ಎಪ್ಪತ್ತು ಗ್ರಾಂ ಹೊಟ್ಟೆಗೆ ಹೋಗಬೇಕು ಎಂದು ಡಾಕ್ಟರರು ಹೇಳಿದ್ದಾರೆ. ನೀನು ಮೀನು ಬಿಟ್ಟು ಹದಿನಾರು ತಿಂಗಳು. ಮೊಟ್ಟೆಯ ವಾಸನೆಗೆ ವಾಂತಿ. ಪ್ರೋಟೀನ್ ಪುಡಿಯ ಡಬ್ಬ ಸೀಲು ಒಡೆಯದೆ ಕಪಾಟಿನಲ್ಲಿ ಕೂತಿದೆ. ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವವನಲ್ಲ.

ನಾನು ಬಿ.ಎಸ್ಸಿ.ಯನ್ನು ಎರಡನೇ ವರ್ಷಕ್ಕೆ ಬಿಟ್ಟು ಈ ಊರಿಗೆ ಬಂದವನು. ಆದರೂ ನಮ್ಮ ಬಾಟನಿ ಮಾಸ್ತರು ಬೋರ್ಡಿನ ಮೇಲೆ ಬರೆಸಿದ ಒಂದು ಸಾಲು ಇವತ್ತಿಗೂ ನೆನಪಿದೆ: 'ಪ್ಲಾಂಟ್ಸ್ ಮ್ಯಾನುಫ್ಯಾಕ್ಚರ್, ಅನಿಮಲ್ಸ್ ಓನ್ಲಿ ಬಾರೋ.' ಮುಂದಿನ ಸಾಲು ಮರೆತಿದೆ. ಅರ್ಥ ಇಷ್ಟು: ಪ್ರೋಟೀನನ್ನು ಬೇರಿನ ಬುಡದಿಂದ ಕಟ್ಟುವುದು ಗಿಡವೇ. ಕೋಳಿ, ಆಡು, ನಾವು, ಎಲ್ಲ ಎರವಲು ತರುವವರು. ಬಂಗುಡೆಯ ಮೈಯಲ್ಲಿರುವುದೂ ಮೂಲದಲ್ಲಿ ಕಡಲಿನ ಪಾಚಿಯದ್ದೇ. ನೀನು ಮೀನು ಬಿಟ್ಟೆ, ಸರಿ. ಅಂಗಡಿ ಬಿಟ್ಟು ನೇರವಾಗಿ ಕಾರ್ಖಾನೆಗೇ ಹೋಗುವ.

ಕಾರ್ಖಾನೆಯಂತೂ ನನ್ನ ಕೈಯಲ್ಲೇ ಇದೆ. ರಾಸ್ ಅಲ್ ಖೋರ್‌ನ ನಮ್ಮ ಗೋದಾಮಿನಲ್ಲಿ ಹದಿನೆಂಟು ತರಹದ ಕಾಳು ಮೂಟೆಯಲ್ಲಿದೆ. ಮೂವತ್ತೊಂದು ವರ್ಷದಿಂದ ಅದರ ಕೀಲಿಕೈ ನನ್ನ ಸೊಂಟದಲ್ಲಿದೆ. ಪ್ರತಿ ಗುರುವಾರ ನಮ್ಮ ವ್ಯಾನು ಅಬುಧಾಬಿಗೆ ಬರುತ್ತದೆ, ಓಡಿಸುವವ ಲಿಡ್ವಿನ್, ನಿನಗೆ ಗೊತ್ತಿರುವವನೇ. "ಲಿಡ್ವಿನ್ ಪೊರ್ಬುಗಳೇ, ಒಂದು ಡಬ್ಬಿ ಮುಸಾಫಾದಲ್ಲಿ ಇಳಿಸಬೇಕಲ್ಲ" ಎಂದೆ. "ಮಸಾಲೆ ಹೊರುವವನನ್ನು ಪೋಸ್ಟ್‌ಮ್ಯಾನ್ ಮಾಡ್ತೀರಾ ಚನಿಯಣ್ಣ?" ಎಂದ. ತರುತ್ತಾನೆ.

ಈ ಸಲ ಮೊಳಕೆ ಹೆಸರಿನ ಗಸಿ. ಮುಂದಿನ ವಾರ ಕಡಲೆ, ಆಮೇಲೆ ಅಲಸಂಡೆ, ತೊಗರಿ, ಅವರೆ, ಮಸೂರು, ಬಟಾಣಿ. ನೀನು ತಿನ್ನು. ಉತ್ತರ ಬೇಡ.

ನಿನ್ನ ಅಪ್ಪ,
ಚನಿಯ

*

ಅಲ್ ನಹ್ದಾ
9 ಅಕ್ಟೋಬರ್ 2024

ಮಗಾ,

ಮೂರು ಡಬ್ಬಿ ಬಂದವು. ಮೂರೂ ತೊಳೆದು, ಒರೆಸಿ, ಖಾಲಿ. ಚಂದ ತೊಳೆದಿದ್ದೀ.

ನಿನ್ನ ಅಮ್ಮ ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂದೆ ಕೊಟ್ಟವಳಲ್ಲ. ಏನೂ ಇಲ್ಲದ ದಿನ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತಿತ್ತು. ಪಕ್ಕದ ಫ್ಲಾಟಿನ ಹಸೀನಳಿಗೆ ಪಾತ್ರೆಯಲ್ಲಿ ಒಮ್ಮೆ ಬರೀ ಬೆಲ್ಲದ ಚೂರು ಹೋಗಿ, ಅವಳು "ಲೋಲಾಕ್ಷಿಯಕ್ಕ, ಇದು ಮರೆತದ್ದಾ, ಕೊಟ್ಟದ್ದಾ?" ಎಂದು ಕೇಳಿಕೊಂಡು ಬಂದಿದ್ದಳು. ಇದನ್ನು ನಿನ್ನ ತಪ್ಪು ತೋರಿಸಲು ಬರೆದದ್ದಲ್ಲ. ನೆನಪಾಯಿತು, ಬರೆದೆ.

ಈ ಸಲ ಕುಚ್ಚಲಕ್ಕಿ ಗಂಜಿಗೆ ಕಲಸಿಕೊಳ್ಳಲು ತೊಗರಿ ಚಟ್ನಿಪುಡಿ ಇಟ್ಟಿದ್ದೇನೆ. ಎರಡನ್ನೂ ಸೇರಿಸಿಯೇ ತಿನ್ನು, ಬೇರೆ ಬೇರೆ ಅಲ್ಲ. ಪ್ರೋಟೀನ್ ಎಂದರೆ ಒಂದೇ ಸರಕಲ್ಲ, ಅದರೊಳಗೆ ಇಪ್ಪತ್ತು ತುಂಡು ಉಂಟು, ಅಮೈನೋ ಆಸಿಡ್. ಕೆಲವನ್ನು ನಮ್ಮ ಮೈ ಮಾಡಿಕೊಳ್ಳುತ್ತದೆ, ಕೆಲವನ್ನು ಹೊರಗಿನಿಂದಲೇ ತರಬೇಕು. ಲೈಸಿನ್ ಎಂಬುದೊಂದು ಅಕ್ಕಿಯಲ್ಲಿ ಕಡಿಮೆಯೋ, ಕಾಳಿನಲ್ಲಿ ಕಡಿಮೆಯೋ, ಮರೆತೆ. ಅಂತೂ ಒಂದರಲ್ಲಿ ಕೊರತೆ ಇದ್ದದ್ದು ಇನ್ನೊಂದರಲ್ಲಿ ಧಾರಾಳ. 'ಲಾ ಆಫ್ ಮಿನಿಮಮ್' ಅಂತ ಕೆಮಿಸ್ಟ್ರಿಯವರು ಹೇಳುತ್ತಿದ್ದರು: ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಉಳಿದದ್ದು ಎಷ್ಟಿದ್ದರೂ ಪ್ರಯೋಜನವಿಲ್ಲ. ಅವರು ಹೇಳಿದ್ದು ಗೊಬ್ಬರದ ಬಗ್ಗೆ. ನಮಗೂ ಹಾಗೆಯೇ ಅಂತ ನನ್ನ ಅಂದಾಜು.

ಡಬ್ಬಿಯ ಮೇಲೆ ತಾರೀಕು ಅಂಟಿಸಿದ್ದೇನೆ. ಫ್ರಿಜ್‌ನಲ್ಲಿಡುವಾಗ ಹಳೆಯದು ಮುಂದೆ, ಹೊಸದು ಹಿಂದೆ. ಮೊದಲು ಬಂದದ್ದು ಮೊದಲು ಹೋಗಬೇಕು. ಗೋದಾಮಿನ ನಿಯಮ ಇದು. ಇದರಿಂದಾಗಿಯೇ ಇಷ್ಟು ವರ್ಷದಲ್ಲಿ ನನ್ನ ಕೈಕೆಳಗೆ ಒಂದು ಮೂಟೆಗೂ ಹುಳ ಹಿಡಿದಿಲ್ಲ.

ಇನ್ನೊಂದು. ಬಾಲ್ಕನಿಯಲ್ಲಿ ಆರು ಚಟ್ಟಿಯಲ್ಲಿ ಅಲಸಂಡೆ ಬಿತ್ತಿದ್ದೇನೆ. ನಿನಗೆ ಎಳೆ ಅಲಸಂಡೆಯ ಉಪ್ಪಕರಿ ಇಷ್ಟವಲ್ಲ. ಗೋದಾಮಿನದ್ದು ಎಷ್ಟಿದ್ದರೂ ಒಣಗಿದ್ದು. ಮೂರೇ ದಿನಕ್ಕೆ ಮೊಳಕೆ ಬಂತು. ಬೀಜದೊಳಗೆ ಕೂಡಿಟ್ಟ ಪ್ರೋಟೀನನ್ನು ಸಸಿ ಒಡೆದು ಒಡೆದು ತಿನ್ನುತ್ತದೆ, ಬೇರು ಬಿಡುವ ತನಕ ಅದೇ ಬುತ್ತಿ. ಬುತ್ತಿ ಮುಗಿದಾಗ ಎರಡು ಬೇಳೆ ಒಣಗಿ ಉದುರುತ್ತವೆ. ಇವತ್ತು ಬೆಳಿಗ್ಗೆ ಮೊದಲ ಚಟ್ಟಿಯದ್ದು ಉದುರಿತು.

ನಿನ್ನ ಅಪ್ಪ,
ಚನಿಯ

*

ಮುಸಾಫಾ, ಅಬುಧಾಬಿ
17 ಅಕ್ಟೋಬರ್ 2024

ಅಪ್ಪಾ,

ಲಿಡ್ವಿನಣ್ಣ ಕೆಳಗೆ ವ್ಯಾನಿನಲ್ಲಿ ಕಾಯುತ್ತಿದ್ದಾರೆ. ಉದ್ದ ಬರೆಯಲು ಪುರುಸೊತ್ತಿಲ್ಲ.

ಲೈಸಿನ್ ಕಡಿಮೆ ಇರುವುದು ಅಕ್ಕಿಯಲ್ಲಿ. ಕಾಳಿನಲ್ಲಿ ಕಡಿಮೆ ಇರುವುದು ಮೆಥಿಯೊನಿನ್. ಒಂದೇ ಊಟದಲ್ಲಿ ಕಲಸಬೇಕೆಂದಿಲ್ಲ, ಒಂದು ದಿನದಲ್ಲಿ ಎರಡೂ ಹೋದರೆ ಸಾಕು. ಡಬ್ಬಿಯ ಮೇಲೆ "ಸೇರಿಸಿಯೇ ತಿನ್ನು" ಎಂದು ಕೆಂಪು ಶಾಯಿಯಲ್ಲಿ ಬರೆಯುವ ಅಗತ್ಯವಿಲ್ಲ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ನೀವು ಮರೆತ ಹಾಗಿದೆ.

ಹೆಸರಿನ ಗಸಿ ಹೊಟ್ಟೆಯಲ್ಲಿ ನಿಂತಿತು. ಕಡಲೆ ನಿಲ್ಲಲಿಲ್ಲ. ರಕ್ತದ ಪ್ರೋಟೀನ್, ಅಂದರೆ ಆಲ್ಬುಮಿನ್, 3.1. ಈ ತಿಂಗಳಿಗೆ ಇನ್ನೂ ಮೇಲೆ ಇರಬೇಕಿತ್ತು. ನೀವು ಹೇಗೂ ರಿತೇಶ್‌ನ ಬಾಯಿ ಬಿಡಿಸುತ್ತೀರಿ, ಆದ್ದರಿಂದ ನಾನೇ ಬರೆದೆ.

ಮೊದಲ ಕಾಗದದಲ್ಲಿ ಏಳು ಕಾಳಿನ ಹೆಸರು ಬರೆದಿದ್ದೀರಿ. ಹುರುಳಿಯ ಹೆಸರು ಬರೆಯಲಿಲ್ಲ. ಗೋದಾಮಿನಲ್ಲಿ ಹುರುಳಿ ಇಲ್ಲವಾ ಅಪ್ಪಾ?

ಯಶ್ಮಿತಾ

*

ಅಲ್ ನಹ್ದಾ
6 ನವೆಂಬರ್ 2024

ಮಗಾ,

ನಿನ್ನ ಕಾಗದ ಮೂರು ವಾರದಿಂದ ಅಂಗಿಯ ಜೇಬಿನಲ್ಲಿದೆ. ಡಬ್ಬಿ ಮಾತ್ರ ತಪ್ಪಿಸದೆ ಕಳಿಸಿದೆ, ಕಾಗದಕ್ಕೆ ಕೈ ಬರಲಿಲ್ಲ.

ಹುರುಳಿ ಇದೆ. ಬಾಗಿಲಿನ ಎಡಗಡೆ, ನಾಲ್ಕನೇ ಸಾಲು, ನಲವತ್ತು ಮೂಟೆ. ದಿನವೂ ಅದರ ಎದುರಿನಿಂದಲೇ ಹಾದುಹೋಗುತ್ತೇನೆ.

ನಿನ್ನ ಅಮ್ಮ ಆ ಕೊನೆಯ ವಾರ ಮೂರು ಸಲ ಕೇಳಿದಳು. ಮೊದಲ ಸಲ ಒಂದು ಬಟ್ಟಲು ಹುರುಳಿ ಸಾರು ಎಂದಳು. ಎರಡನೇ ಸಲ ಅರ್ಧ ಬಟ್ಟಲು. ಮೂರನೇ ಸಲ "ಒಂದು ಲೋಟ ತಿಳಿ ಮಾತ್ರ ಕೊಡಿ, ಬೆಳ್ಳುಳ್ಳಿ ಒಗ್ಗರಣೆ ಇದ್ರೆ ಸಾಕು." ನಾನು ಫ್ರಿಜ್ಜಿನ ಮೇಲಿನ ಚಾರ್ಟ್ ತೋರಿಸಿದೆ. ಕಿಡ್ನಿಯ ರೋಗಿಗೆ ಪ್ರೋಟೀನ್ ವಿಷ, ದಿನಕ್ಕೆ ಮೂವತ್ತು ಗ್ರಾಂ, ಅದಕ್ಕಿಂತ ಒಂದು ಗ್ರಾಂ ಹೆಚ್ಚು ಕೊಡುವುದಿಲ್ಲ ಎಂದೆ. "ಚಾರ್ಟ್ ಬರೆದವರಿಗೆ ಕುಡು ಗೊತ್ತುಂಟಾ?" ಎಂದು ಕೇಳಿದಳು. ಹುರುಳಿ ಎಂದು ಬಾಯಿ ತಪ್ಪಿಯೂ ಹೇಳಿದವಳಲ್ಲ, ನಮ್ಮ ತುಳುವಿನ ಕುಡು ಎಂದೇ ಹೇಳುತ್ತಿದ್ದಳು. ನಾನು ತಕ್ಕಡಿಯಲ್ಲಿ ಅವಳ ಅನ್ನ ತೂಗಿದೆ.

ಅದೇ ವಾರದ ಭಾನುವಾರ ಅವಳು ಹೋದಳು. ನೀನು ಅವತ್ತು ನಮ್ಮ ಅಡಿಗೆಮನೆಯಲ್ಲಿ ನಿಂತು ನನ್ನ ಮುಖ ನೋಡಿದ್ದು ನನಗೆ ನೆನಪಿದೆ. ಹಸೀನ ನಿನಗೆ ಸಾರಿನ ವಿಷಯ ಹೇಳಿರಬೇಕು. ಆ ಸಿಟ್ಟನ್ನು ಬಿಡು ಎಂದು ನಾನು ಕೇಳುವುದಿಲ್ಲ. ಚಾರ್ಟ್ ಬಿಟ್ಟು ನಡೆದಿದ್ದರೆ ಅವಳು ಇನ್ನೂ ಬೇಗ ಹೋಗುತ್ತಿದ್ದಳೋ ಏನೋ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಈಗ ಇರುವ ಕೆಲಸ ಬೇರೆ. 3.1 ಅನ್ನು ಮೇಲೆ ತರಬೇಕು. ಕಡಲೆಯ ಸಿಪ್ಪೆ ತೆಗೆದು ಅರೆದು ದೋಸೆ ಮಾಡಿದ್ದೇನೆ, ಇದು ನಿಲ್ಲದಿದ್ದರೆ ಸೋಯಾ ಉಂಟು, ಅದೂ ನಿಲ್ಲದಿದ್ದರೆ ಎಳ್ಳು, ಕುಂಬಳ ಬೀಜ. ಹದಿನೆಂಟು ಮುಗಿಯುವ ತನಕ ನಾನು ನಿಲ್ಲಿಸುವುದಿಲ್ಲ. ಬಾಲ್ಕನಿಯ ಅಲಸಂಡೆಗೆ ವಾರಕ್ಕೊಂದು ಚಮಚ ಯೂರಿಯಾ ಹಾಕುತ್ತಿದ್ದೇನೆ. ಎಲೆ ಅಂಗೈಯಗಲ ಆಗಿದೆ, ಕಡು ಹಸಿರು. ಪ್ರೋಟೀನಿಗೆ ನೈಟ್ರೋಜನ್ ಬೇಕು, ಯೂರಿಯಾ ಎಂದರೆ ನೈಟ್ರೋಜನ್. ಲೆಕ್ಕ ನೇರವಾಗಿದೆ.

ನಿನ್ನ ಅಪ್ಪ,
ಚನಿಯ

*

ಅಲ್ ನಹ್ದಾ
4 ಡಿಸೆಂಬರ್ 2024

ಮಗಾ,

ಲೆಕ್ಕ ನೇರವಾಗಿರಲಿಲ್ಲ.

ಬಳ್ಳಿ ಬಾಲ್ಕನಿಯ ಕಂಬಿ ಹತ್ತಿ ಹಸೀನಳ ಬಟ್ಟೆ ಒಣಗಿಸುವ ಹಗ್ಗ ಹಿಡಿಯಿತು. ಹೂ ಮಾತ್ರ ಇಲ್ಲ. "ಚನಿಯಣ್ಣ, ಇದು ಅಲಸಂಡೆಯಾ, ಪರದೆಯಾ?" ಎಂದು ಅವಳು ದಿನಾ ಕೇಳುತ್ತಾಳೆ. ಕಡೆಗೆ ಲಿಡ್ವಿನ್ ಒಂದು ಬಳ್ಳಿಯ ಫೋಟೋ ತೆಗೆದುಕೊಂಡು ಹೋಗಿ ಜುವಾಕಿಂ ಎಂಬವರಿಗೆ ತೋರಿಸಿದ. ಅವರು ಶಿರ್ವದವರು, ಅಬುಧಾಬಿ ರಸ್ತೆಯಲ್ಲಿ ಒಂದು ತರಕಾರಿ ತೋಟದ ಮೇಸ್ತ್ರಿ. ಅಲ್ಲಿಂದಲೇ ನನಗೆ ಫೋನ್ ಮಾಡಿದರು.

"ಬೇರು ಕಿತ್ತು ನೋಡಿದ್ದೀರಾ?"

ಕಿತ್ತೆ. ಬಿಳಿ, ನುಣ್ಣಗೆ, ನೂಲಿನ ಹಾಗಿತ್ತು. ಹಾಗೆಯೇ ಹೇಳಿದೆ.

"ಗಂಟು ಇಲ್ಲವಾ?"

"ಇಲ್ಲ."

"ಯೂರಿಯಾ ಎಷ್ಟು ಹಾಕಿದ್ರಿ?"

ಹೇಳಿದೆ. ಅವರು ನಗುವುದನ್ನು ಫೋನಿನಲ್ಲಿ ಸ್ವಲ್ಪ ಹೊತ್ತು ಕೇಳಿಸಿಕೊಂಡೆ.

"ಮಾರಾಯ್ರೆ, ದಿನಾ ಬಾಗಿಲಿಗೆ ಹೋಟೆಲ್ ಊಟ ಬಂದ್ರೆ ಯಾರು ಒಲೆ ಹೊತ್ತಿಸ್ತಾರೆ? ಅಲಸಂಡೆ ತನ್ನ ಗೊಬ್ಬರ ತಾನೇ ಮಾಡ್ಕೊಳ್ಳುವ ಜಾತಿ. ಬೇರಿನ ಗಂಟಲ್ಲಿ ಸೂಕ್ಷ್ಮಜೀವಿ ಕೂರ್ತದೆ, ಗಾಳಿಯ ನೈಟ್ರೋಜನ್ ಹಿಡಿದು ಕೊಡ್ತದೆ. ನೀವು ಚಮಚದಲ್ಲಿ ತಿನ್ನಿಸಿದ್ರೆ ಅದು ಗಂಟು ಕಟ್ಟುದಿಲ್ಲ. ಮತ್ತೆ ನಿಮ್ಮ ಚಟ್ಟಿಯ ಅಂಗಡಿ ಮಣ್ಣಲ್ಲಿ ಆ ಜೀವಿಯೂ ಇರ್ಲಿಕ್ಕಿಲ್ಲ."

ಇಷ್ಟನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಮಗಾ. ರೈಝೋಬಿಯಂ. ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಹತ್ತಕ್ಕೆ ಎಂಟು ತೆಗೆದಿದ್ದೆ. ಮತ್ತೆ ನನ್ನ ಕೈಯಿಂದಲೇ ಚಮಚ ಚಮಚ ಯೂರಿಯಾ ಹಾಕಿದೆ. ಬರೆದದ್ದು ಒಂದು ಕಡೆ, ಮಾಡುವುದು ಇನ್ನೊಂದು ಕಡೆ.

ಆರೂ ಬಳ್ಳಿ ಕಿತ್ತು ಬಿಸಾಡಿದೆ. ಜುವಾಕಿಂ ಅವರು ತೋಟದ ಅಲಸಂಡೆ ಸಾಲಿನ ಮಣ್ಣು ಒಂದು ಚೀಲ ಕಳಿಸಿದ್ದಾರೆ. ಹೊಸ ಬೀಜ, ಆ ಮಣ್ಣು, ನೀರು. ಬೇರೆ ಏನೂ ಇಲ್ಲ. ಇವತ್ತು ಬಿತ್ತಿ ಆಯಿತು.

ಡಬ್ಬಿಯಲ್ಲಿ ಸೋಯಾ ಸುಕ್ಕ. ಮತ್ತೆ ಹೋದ ವಾರ ಬಂದ ಡಬ್ಬಿಯ ತಳದಲ್ಲಿ ಒಂದು ನಿಂಬೆಹಣ್ಣು ಇತ್ತು. ಅದು ಮರೆತದ್ದಾ, ಕೊಟ್ಟದ್ದಾ ಎಂದು ನಾನು ಕೇಳುವುದಿಲ್ಲ.

ನಿನ್ನ ಅಪ್ಪ,
ಚನಿಯ

*

ಮುಸಾಫಾ
2 ಜನವರಿ 2025

ಅಪ್ಪಾ,

ಕೊಟ್ಟದ್ದು.

ಸೋಯಾ ಸುಕ್ಕ ನಿಂತಿತು. ಸಿಪ್ಪೆ ತೆಗೆದ ಕಡಲೆ ದೋಸೆಯೂ ನಿಂತಿತು, ರಿತೇಶ್ ನನ್ನ ಪಾಲಿನದನ್ನೂ ತಿಂದದ್ದರಿಂದ ಅವನಿಗೆ ಬೇರೆ ಡಬ್ಬಿ ಕಳಿಸುವುದು ಒಳ್ಳೆಯದು. ಆಲ್ಬುಮಿನ್ 3.4. ಈ ತಿಂಗಳಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ, ನನ್ನದು ಏರಿದೆ. ಡಾಕ್ಟರ್ "ಏನು ತಿಂತಾ ಇದ್ದೀರಿ?" ಎಂದು ಕೇಳಿದರು. ಹದಿನೆಂಟು ತರಹದ ಕಾಳು ಎಂದೆ. ಹದಿನೇಳು ಎಂದು ತಿದ್ದಿದೆ.

ಮಗುವಿನ ತೂಕ ಸರಿಯಾಗಿದೆ. ಸ್ಕ್ಯಾನ್‌ನ ಒಂದು ಪ್ರತಿ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದೇನೆ. ಕೆಳಗಡೆ ಬಿಳಿಯಾಗಿ ಕಾಣುವುದು ಬೆನ್ನುಮೂಳೆ. ತಲೆ ಬಲಗಡೆ. ನೀವು ತಿರುಗಿಸಿ ಹಿಡಿಯುತ್ತೀರಿ ಎಂದು ಗೊತ್ತು, ಅದಕ್ಕೆ ಬರೆದೆ.

ಬೇರಿನಲ್ಲಿ ಗಂಟು ಬಂತಾ?

ಯಶ್ಮಿತಾ

*

ಅಲ್ ನಹ್ದಾ
8 ಜನವರಿ 2025

ಮಗಾ,

ಗಂಟು ಬಂತು. ಒಂದು ಬಳ್ಳಿಯನ್ನು ಬುಡಸಮೇತ ತೆಗೆದೆ, ಬೇರಿನ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಂಟುಗಳು. ಒಂದನ್ನು ಉಗುರಿನಲ್ಲಿ ಒಡೆದೆ. ಒಳಗೆ ಕೆಂಪು, ಗಾಯದ ಹಾಗೆ. ಅದಕ್ಕೂ ಒಂದು ಹೆಸರಿತ್ತು, 'ಲೆಗ್ ಹಿಮೋಗ್ಲೋಬಿನ್' ಅಂತ. ನಮ್ಮ ರಕ್ತದಲ್ಲಿರುವುದರ ಕಡೆಯದ್ದೇ ಒಂದು ಪ್ರೋಟೀನ್. ಕಾಲಿಗೂ ಅದಕ್ಕೂ ಏನು ಸಂಬಂಧ ಎಂದು ಅಂದು ನಮ್ಮ ಕ್ಲಾಸಿಡೀ ನಕ್ಕಿತ್ತು. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಹಸೀನಳನ್ನು ಕರೆದು ತೋರಿಸಿದೆ. ಗಿಡಕ್ಕೆ ರಕ್ತ ಬರುವುದನ್ನು ಅವಳು ಮೊದಲ ಸಲ ನೋಡಿದಳಂತೆ. ನಾನೂ ಹಾಗೆಯೇ, ಪುಸ್ತಕದ ಹೊರಗೆ.

ಇಲ್ಲಿಯವರೆಗೆ ಶುಕ್ರವಾರ ಬರೆದಿದ್ದೆ. ಮುಂದಿನದ್ದು ಇವತ್ತು ಬರೆಯುತ್ತಿದ್ದೇನೆ. ಇದನ್ನು ಬರೆಯದೆ ಡಬ್ಬಿ ಮಾತ್ರ ಕಳಿಸಬಹುದಿತ್ತು. ನೀನು ಈಗಷ್ಟೇ ಊಟ ಮಾಡುತ್ತಿದ್ದೀ, ಮಗುವಿಗೆ ತೂಕ ಬರುತ್ತಿದೆ, ಏಪ್ರಿಲ್ ಕಳೆಯಲಿ ಎಂದು ಐದು ದಿನ ನನಗೆ ನಾನೇ ಹೇಳಿದೆ. ಆಗಲಿಲ್ಲ. ಹುಳ ಹಿಡಿದ ಮೂಟೆಯನ್ನು ಹಿಂದಿನ ಸಾಲಿಗೆ ತಳ್ಳಿದರೆ ಹುಳ ಸಾಯುವುದಿಲ್ಲ.

ನೀನು ಕಳಿಸಿದ ಚಿತ್ರವನ್ನು ಫ್ರಿಜ್ಜಿಗೆ ಸಿಕ್ಕಿಸುವ ಎಂದು ಆ ದೊಡ್ಡ ಕ್ಲಿಪ್ ತೆಗೆದೆ. ಅದರಲ್ಲಿ ನಿನ್ನ ಅಮ್ಮನ ಚಾರ್ಟ್ ಹಾಗೆಯೇ ಇತ್ತು. ತೆಗೆಯಲು ಇಷ್ಟು ದಿನ ಮನಸ್ಸಾಗಿರಲಿಲ್ಲ. ಕೈಗೆ ಎರಡು ಹಾಳೆ ಬಂದವು.

ಮುಂದೆ ಇದ್ದ ಹಾಳೆ ನನಗೆ ಬಾಯಿಪಾಠ ಇದ್ದದ್ದು. 2022 ಆಗಸ್ಟ್, ಡಯಾಲಿಸಿಸ್ ಶುರುವಾಗುವ ಮುಂಚಿನದ್ದು. ದಿನಕ್ಕೆ ಮೂವತ್ತು ಗ್ರಾಂ. ಅದರ ಹಿಂದೆ ಇದ್ದದ್ದು 2023 ಜನವರಿ, ಡಯಾಲಿಸಿಸ್ ಶುರುವಾದ ಮೇಲಿನದ್ದು. ದಿನಕ್ಕೆ ಐವತ್ತೆಂಟು. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸೋರಿ ಹೋಗುತ್ತದೆ, ಆದ್ದರಿಂದ ಹೆಚ್ಚು ಕೊಡಬೇಕು ಎಂದು ಅದರಲ್ಲಿ ಬರೆದಿದೆ. ಮೊಟ್ಟೆ, ಮೀನು. ಬೇಳೆಕಾಳು ವಾರಕ್ಕೆರಡು ಸಲ, ನೆನೆಸಿದ ನೀರು ಚೆಲ್ಲಿ.

ಆ ಹಾಳೆ ಕೊಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಡಯಟಿಷಿಯನ್ ಮೇಡಂ ಇಂಗ್ಲಿಷಿನಲ್ಲಿ ವಿವರಿಸಿದರು. "ಹಿಂದಿಯಲ್ಲಿ ಹೇಳಲಾ?" ಎಂದೂ ಕೇಳಿದರು. 'ನೋ ನೋ, ಐ ಆಮ್ ಸೈನ್ಸ್ ಸ್ಟೂಡೆಂಟ್' ಎಂದೆ. ಅರ್ಧ ಮಾತು ತಲೆಯ ಮೇಲಿನಿಂದ ಹೋಗಿತ್ತು. ಮನೆಗೆ ತಂದು ನಿಧಾನ ಓದುವ ಎಂದುಕೊಂಡೆ. ಮನೆಗೆ ಬಂದು ಕೈ ತನ್ನಷ್ಟಕ್ಕೆ ಗೋದಾಮಿನ ಕೆಲಸವನ್ನೇ ಮಾಡಿತು: ಹಳೆಯದು ಮುಂದೆ, ಹೊಸದು ಹಿಂದೆ.

ನಾಲ್ಕು ತಿಂಗಳು ನಾನು ಹಳೆಯ ಹಾಳೆ ನೋಡಿ ತೂಗಿದೆ. ಅವಳು ಕೇಳಿದ ಸಾರು ಹಿಂದಿನ ಹಾಳೆಯಲ್ಲಿ ಇತ್ತು.

ನೀನು ನನ್ನ ಮೇಲೆ ಸಿಟ್ಟಾಗಿದ್ದು ಸಾರು ಕೊಡದ್ದಕ್ಕೆ. ಈಗ ನಿನ್ನ ಕೈಗೆ ಇನ್ನೂ ದೊಡ್ಡದನ್ನು ಕೊಟ್ಟಿದ್ದೇನೆ. ನೀನು ಏನು ಬೇಕಾದರೂ ತೀರ್ಮಾನಿಸು, ಆದರೆ ಊಟ ಬಿಡಬೇಡ. ನಾಳೆಯ ಡಬ್ಬಿಯಲ್ಲಿ ಅವರೆ ಉಂಟು. ಗುರುವಾರದ ಡಬ್ಬಿ ನಾನು ನಿಲ್ಲಿಸುವುದಿಲ್ಲ.

ಚನಿಯ

*

ಅಲ್ ನಹ್ದಾ
19 ಫೆಬ್ರವರಿ 2025

ಯಶ್ಮಿತಾ,

ಆರು ಡಬ್ಬಿ ಹೋದವು, ಒಂದೂ ಹಿಂದೆ ಬರಲಿಲ್ಲ. ಖಾಲಿಯೂ ಬರಲಿಲ್ಲ. ಲಿಡ್ವಿನ್‌ನನ್ನು ಕೇಳಿದರೆ "ರಿತೇಶ್ ಕೆಳಗೆ ಬಂದು ತಗೊಳ್ತಾನೆ, ಮಾತಾಡುದಿಲ್ಲ, ಮೋರೆ ಒಂದು ನಮೂನೆ" ಎನ್ನುತ್ತಾನೆ. ರಿತೇಶ್ ಕೂಡ ಈಗ ಫೋನ್ ತೆಗೆಯುವುದಿಲ್ಲ.

ಮನೆಯಲ್ಲಿ ಡಬ್ಬಿ ಮುಗಿದದ್ದರಿಂದ ಈ ಸಲ ಅಮ್ಮನ ಆ ಹಿಡಿ ಇರುವ ಸ್ಟೀಲಿನ ತೂಕು ಪಾತ್ರೆಯಲ್ಲೇ ಕಳಿಸುತ್ತಿದ್ದೇನೆ. ಮಸೂರು, ನುಗ್ಗೆಸೊಪ್ಪು ಹಾಕಿದ್ದು. ಅಲಸಂಡೆ ಹೂ ಬಿಟ್ಟಿದೆ.

ಉತ್ತರ ಬೇಡ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ಅದು ಸುಳ್ಳು.

ಅಪ್ಪ

*

ಮುಸಾಫಾ
27 ಫೆಬ್ರವರಿ 2025

ಅಪ್ಪಾ,

ಡಬ್ಬಿ ಖಾಲಿ ಕಳಿಸಲು ಮನಸ್ಸಾಗಲಿಲ್ಲ, ಹಾಕಲು ಏನೂ ಸಿಗಲಿಲ್ಲ. ಹಾಗಾಗಿ ಇಟ್ಟುಕೊಂಡೆ. ಆರೂ ಇಲ್ಲೇ ಸಾಲಾಗಿ ಉಂಟು. ಒಳಗಿದ್ದದ್ದನ್ನೆಲ್ಲ ತಿಂದಿದ್ದೇನೆ. ಕೆಲವು ಸಲ ಅಳುತ್ತಾ, ಆದರೆ ತಿಂದೆ.

ಹಿಂದಿನ ಹಾಳೆ ನಾನು ನೋಡಿದ್ದೇನೆ. ಅಮ್ಮ ಹೋದ ದಿನ ಕಾಗದಪತ್ರಕ್ಕೆ ಅವಳ ಎಮಿರೇಟ್ಸ್ ಐಡಿ ಬೇಕಿತ್ತು. ನೀವು "ಫ್ರಿಜ್ಜಿನ ಕ್ಲಿಪ್‌ನಲ್ಲಿ ನೋಡು" ಎಂದಿರಿ. ಐಡಿ ಹಾಳೆಗಳ ಮೇಲೆ ಇತ್ತು. ತೆಗೆಯುವಾಗ ಎರಡೂ ಬಿದ್ದವು. ಎರಡನ್ನೂ ಓದಿದೆ. ತಾರೀಕು ನೋಡಿದೆ. ಯಾವುದು ಮುಂದೆ ಇತ್ತು ಎಂಬುದನ್ನೂ ನೋಡಿದೆ. ಆಗಲೇ ನಾನು ತಿರುಗಿ ನಿಮ್ಮ ಮುಖ ನೋಡಿದ್ದು. ನೀವು ತಕ್ಕಡಿಯನ್ನು ಒರೆಸುತ್ತಾ ನಿಂತಿದ್ದಿರಿ. ಹಾಳೆಗಳನ್ನು ಇದ್ದ ಹಾಗೆಯೇ ಸಿಕ್ಕಿಸಿದೆ.

ಹಸೀನಕ್ಕ ನನಗೆ ಏನೂ ಹೇಳಿಲ್ಲ. ಅಮ್ಮ ಸಾರು ಕೇಳಿದ ವಿಷಯ ನನಗೆ ಗೊತ್ತಾದದ್ದೇ ನಿಮ್ಮ ನವೆಂಬರ್ ಕಾಗದದಿಂದ. ನಾನು ಹುರುಳಿ ಕೇಳಿದ್ದು ಅದು ಅಮ್ಮನ ಇಷ್ಟದ ಕಾಳು ಎಂದಷ್ಟೇ.

ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಆದರೆ ಬಾರದೆ ಇದ್ದದ್ದು ಸಿಟ್ಟಿಗಲ್ಲ. ಆ ಅಡಿಗೆಮನೆಯಲ್ಲಿ ನಿಮ್ಮ ಎದುರು ಚಾ ಕುಡಿಯುತ್ತಾ ಕೂತರೆ ಯಾವತ್ತಾದರೂ ಬಾಯಿಂದ ಬಿದ್ದುಹೋಗುತ್ತದೆ, ಮತ್ತೆ ನೀವು ಏನು ಮಾಡಿಕೊಳ್ಳುತ್ತೀರೋ ಎಂಬ ಹೆದರಿಕೆ. ಫೋನಿನಲ್ಲೂ ಅದೇ ಹೆದರಿಕೆ. ನಿಮಗೆ ಗೊತ್ತಾಗದೇ ಇರಲಿ ಎಂದು ದೂರ ಕೂತೆ. ಈಗ ನೀವೇ ಬರೆದು ಕಳಿಸಿದಿರಿ. ಓದಿ ಒಂದು ಗಂಟೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತೆ. ರಿತೇಶ್ ಬಾಗಿಲು ಮುರಿಯುವುದೊಂದು ಬಾಕಿ.

ಇನ್ನೊಂದು ಉಂಟು. ಅದು ನನ್ನದು. ಆ ನಾಲ್ಕು ತಿಂಗಳು ಅಮ್ಮನ ರಿಪೋರ್ಟನ್ನು ನೀವು ತಪ್ಪದೆ ನನ್ನ ಫೋನಿಗೆ ಕಳಿಸುತ್ತಿದ್ದಿರಿ. ಆಲ್ಬುಮಿನ್ 3.4, ಆಮೇಲೆ 3.0, ಆಮೇಲೆ 2.6. ಇದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಾನು ದಿನಕ್ಕೆ ಅರವತ್ತು ಜನರದ್ದು ನೋಡುವವಳು. "ಅಮ್ಮ ಸರಿ ಊಟ ಮಾಡ್ತಾರಾ?" ಎಂದು ಬರೆದೆ. "ಚಾರ್ಟ್ ಪ್ರಕಾರ" ಎಂದು ನೀವು ಬರೆದಿರಿ. ಯಾವ ಚಾರ್ಟ್ ಎಂದು ನಾನು ಕೇಳಲಿಲ್ಲ. ಒಂದೂವರೆ ಗಂಟೆಯ ದಾರಿ. ಡ್ಯೂಟಿ ಇತ್ತು, ಬರಲಿಲ್ಲ. ನೀವು ಹಾಳೆ ತಿರುಗಿಸಲಿಲ್ಲ, ನಾನು ತಿರುಗಿಸಿ ಎಂದು ಹೇಳಲಿಲ್ಲ.

ಅಮ್ಮನ ಹೃದಯ ಮೊದಲೇ ದುರ್ಬಲವಾಗಿತ್ತು, ಅದು ನಿಮಗೂ ಗೊತ್ತು. ಒಂದು ಲೋಟ ಸಾರಿನಿಂದ ಅವಳು ಬದುಕುತ್ತಿರಲಿಲ್ಲ. ಆದರೆ ಕುಡಿದಿರುತ್ತಿದ್ದಳು. ಇದನ್ನು ನಾನು ಮೆದು ಮಾಡಿ ಹೇಳಲಾರೆ, ನೀವೂ ಮೆದು ಮಾಡಿ ಬರೆಯಲಿಲ್ಲ.

ಮುಂದಿನ ಗುರುವಾರ ನನಗೆ ರಜೆ. ಡಬ್ಬಿ ಬೇಡ, ನೀವೇ ಬನ್ನಿ. ಹುರುಳಿ ಸಾರು ತನ್ನಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದು. ಇಲ್ಲಿ ಒಂದು ಎಲೆ ಹಾಕಿ ಮೊದಲು ಅಮ್ಮನಿಗೆ ಬಡಿಸುವ, ಆಮೇಲೆ ನನಗೆ. ತೂಗಬೇಡಿ.

ಅಮ್ಮನ ತೂಕು ಪಾತ್ರೆ ಇದರ ಜೊತೆ ಉಂಟು, ಸಾರಿಗೆ ಬೇಕಾಗುತ್ತದೆ. ತಳ ನೋಡಿ, ಸಕ್ಕರೆ ಇದೆ.

ಯಶ್ಮಿ

*

ಅಲ್ ನಹ್ದಾ
5 ಮಾರ್ಚ್ 2025

ಮಗಾ,

ಈ ಕಾಗದ ನನ್ನ ಜೇಬಿನಲ್ಲೇ ಬರುತ್ತದೆ. ಬಾಗಿಲಲ್ಲಿ ಕೊಡುತ್ತೇನೆ, ನಾನು ಎದುರು ನಿಂತರೆ ಮಾತು ಬರಲಿಕ್ಕಿಲ್ಲ ಎಂಬ ಹೆದರಿಕೆಗೆ.

ನಾಲ್ಕನೇ ಸಾಲಿನ ಮುಂದಿನ ಮೂಟೆ ಬಿಟ್ಟು, ಎಲ್ಲಕ್ಕಿಂತ ಹಿಂದಿನ ಹೊಸ ಮೂಟೆ ಎಳೆದು ಬಿಚ್ಚಿದೆ. ಲಿಡ್ವಿನ್ ನೋಡುತ್ತಾ ನಿಂತಿದ್ದ. "ಚನಿಯಣ್ಣ, ಹುಷಾರಿದ್ದೀರಲ್ಲ?" ಎಂದು ಕೇಳಿದ. ನಾಳೆ ವ್ಯಾನಿನಲ್ಲಿ ಅವನ ಪಕ್ಕ ಕೂತು ಬರುತ್ತೇನೆ, ತೂಕು ಪಾತ್ರೆ ತೊಡೆಯ ಮೇಲೆ. ಹಸೀನ ಬಾಳೆಎಲೆ ತಂದುಕೊಟ್ಟಿದ್ದಾಳೆ. ಅವಳು ಕೇಕ್ ಮಾಡುವವಳು, ತಕ್ಕಡಿಯನ್ನು ಅವಳಿಗೇ ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಇಟ್ಟುಕೊಂಡಳು.

ಅಲಸಂಡೆ ಒಂಬತ್ತು ಕೋಡು ಬಿಟ್ಟಿದೆ, ಎಳೆಯದು, ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ. ಉಪ್ಪಕರಿ ಅಲ್ಲೇ ಮಾಡುವ.

ಹುರುಳಿ ಬೆಳಿಗ್ಗೆಯಿಂದ ನೆನೆಯುತ್ತಿದೆ. ಎಷ್ಟು ಹಾಕಿದೆ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಮುಷ್ಟಿಯಲ್ಲಿ ಹಾಕುತ್ತಾ ಹೋದೆ, ನಿನ್ನ ಅಮ್ಮನಿಗೆ, ನಿನಗೆ, ಒಳಗಿರುವುದಕ್ಕೆ. ಪಾತ್ರೆ ತುಂಬಿದ ಮೇಲೆ ನಿಲ್ಲಿಸಿದೆ.

ಅಪ್ಪ